ಏಳನೆಯ ಪುಟದ ಹಿಂಬದಿ

ಕಾರ್ವರ್ಸ್ ಕೋವ್, ಮೇನ್
ಅಕ್ಟೋಬರ್ ೧೪

ಪ್ರೀತಿಯ ಲೊರೆಟ್ಟಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೈ ನಡುಗುತ್ತದೆ, ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು. ಕೈ ನಡುಗುವುದು ನಿಜ, ತಡವಾದದ್ದು ಅದಕ್ಕಲ್ಲ.

ನಿನ್ನ ಮೊದಲ ಕಾದಂಬರಿಗೆ ನನ್ನ ಬೆನ್ನುಡಿ ಕೇಳಿದ್ದೀಯ. ಅದರಲ್ಲಿನ ತಾಯಿ ನನ್ನ ಕಾದಂಬರಿಯ ತಾಯಿಯ ಹಾಗೇ ಇದ್ದಾಳೆ, ಜನ ಕದ್ದದ್ದು ಅಂದಾರು ಎಂದು ಪ್ರಕಾಶಕರು ಅಚ್ಚು ನಿಲ್ಲಿಸಿದ್ದಾರಂತೆ. "ನೀವೊಂದು ಮಾತು ಹೇಳಿದ್ರೆ ಸಾಕು ಮೇಡಂ" ಎಂದು ಬರೆದಿದ್ದೀಯ. ಯಾವ ಮಾತು ಎಂದು ಬರೆದಿಲ್ಲ. ಆ ಸೌಜನ್ಯವೇ ನನ್ನನ್ನು ಚುಚ್ಚಿತು.

ನಮ್ಮ ಕಥಾ ತರಗತಿಯ ನಿಯಮ ನೆನಪಿದೆಯಲ್ಲ? ಯಾರ ಕಥೆಯ ಚರ್ಚೆಯೋ ಅವರು ಅದು ಮುಗಿಯುವವರೆಗೂ ಬಾಯಿ ಬಿಡಬಾರದು. ಹತ್ತೊಂಬತ್ತು ವರ್ಷದ ಹಿಂದೆ ನೀನು ಹಾಗೆ ಕೂತಿದ್ದೆ. ನಿನ್ನ ಕಥೆಯ ತಾಯಿ ಸಾರ್ಡೀನ್ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸುವವಳು. ಕತ್ತರಿ ತಾಗದಂತೆ ಬೆರಳಿಗೆ ಸುತ್ತಿದ ಬಟ್ಟೆಪಟ್ಟಿಯನ್ನು, ಗಾಯ ಕಾಣಬಾರದೆಂದು ಭಾನುವಾರ ಇಗರ್ಜಿಯಲ್ಲೂ ಬಿಚ್ಚದವಳು. ಬಾಸ್ಟನ್ನಿನ ಆ ವಕೀಲರ ಮಗ "ಇಂಥ ಅಮ್ಮ ಎಲ್ಲಾದ್ರೂ ಇರ್ತಾಳೇನ್ರೀ?" ಎಂದು ನಕ್ಕ. ಎಲ್ಲರೂ ನಕ್ಕರು. ನಾನು ಗದರಲಿಲ್ಲ. "ಆ ತಾಯೀನ ತೆಗೆದುಹಾಕು, ಕಥೆ ಉಳಿಯುತ್ತೆ" ಎಂದೆ. ಆಮೇಲೆ ಬಾಗಿಲ ಹತ್ತಿರ ನೀನು "ಮೇಡಂ, ಅದು ನಮ್ಮಮ್ಮಾನೇ" ಅಂದಾಗ ಕೇಳಿಸದವಳಂತೆ ಚೀಲದಲ್ಲಿ ಏನೋ ಹುಡುಕಿದೆ.

ನೀನು ತೆಗೆದುಹಾಕಿದೆ. ನಾನು ಎತ್ತಿಕೊಂಡೆ.

ಆಗ ನನಗೆ ಐವತ್ತೆರಡು. ನಾಲ್ಕು ಕಾದಂಬರಿಗಳು ಹೇಳಹೆಸರಿಲ್ಲದೆ ಹೋಗಿದ್ದವು. ನಾನು ಬಿಡಿಸುತ್ತಿದ್ದ ಚಿತ್ರಗಳನ್ನೂ ಯಾರೂ ಮೂಸುತ್ತಿರಲಿಲ್ಲ. ಇನ್ನೊಬ್ಬರ ವಾಕ್ಯ ತಿದ್ದಿ ತಿದ್ದಿ ನನ್ನವು ಹಳಸಿಹೋಗಿದ್ದವು. ಇದೆಲ್ಲ ಸಬೂಬು, ಗೊತ್ತು. ಐದನೆಯ ಕಾದಂಬರಿಗೆ ಬಹುಮಾನ ಬಂತು, ಕಾಲೇಜಿನಲ್ಲಿ ಹುದ್ದೆ ಕಾಯಂ ಆಯಿತು. "ಈ ತಾಯಿ ನಿಮಗೆ ಎಲ್ಲಿ ಸಿಕ್ಕಿದ್ಲು?" ಎಂದು ಯಾರಾದರೂ ಕೇಳಿದರೆ ಬಂದರಿನಲ್ಲಿ ನೋಡಿದ್ದೆ ಎನ್ನುತ್ತಿದ್ದೆ. ನಿಮ್ಮಮ್ಮ ತೀರಿಕೊಂಡಾಗ ಹೂವು ಬೇರೆ ಕಳಿಸಿದೆ. ಥೂ, ನೆನೆದರೆ ಈಗಲೂ ಮೈ ಉರಿಯುತ್ತದೆ.

ನಿನ್ನ ಮೇಲೂ ಸಿಟ್ಟಿದೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ? ಆ ನಿಯಮ ತರಗತಿಯೊಳಗಿನದು, ಹುಚ್ಚಿ.

ಬೆನ್ನುಡಿ ಬರೆಯುವುದಿಲ್ಲ. ನಿಮ್ಮಮ್ಮನ ಬೆನ್ನ ಮೇಲೆ ಇನ್ನೊಮ್ಮೆ ನನ್ನ ಹೆಸರು ಬೇಡ.

ನಿನಗೆ ಪಾಠ ಹೇಳಿದವಳು,
ವಿನಿಫ್ರೆಡ್ ಆಸ್ಗುಡ್

ತಾ.ಕ.: ನನ್ನ ಆ ಐದನೆಯ ಕಾದಂಬರಿಯ ಮುಖಪುಟಕ್ಕೆ ನಾನೇ ಬರೆದ ಚಿತ್ರ, ಪಟ್ಟಿ ಸುತ್ತಿದ ಎರಡು ಕೈ, ಕಾಲೇಜಿನ ಗೋಡೆಯ ಮೇಲಿತ್ತು. ಇವತ್ತು ಬೆಳಿಗ್ಗೆ ಇಳಿಸಿಕೊಂಡು ಬಂದೆ. ಚೌಕಟ್ಟು ಬಿಚ್ಚಿ, ಹಾಳೆಯನ್ನು ನಿನ್ನ ಪ್ರಕಾಶಕರಿಗೆ ಕಳಿಸಿದ್ದೇನೆ. ಆ ಚಿತ್ರ ಬರೆದದ್ದು, ನಾನು ವಾಪಸು ಕೊಡದೆ ಇಟ್ಟುಕೊಂಡಿದ್ದ ನಿನ್ನ ಕಥೆಯ ಏಳನೆಯ ಪುಟದ ಹಿಂಬದಿಯಲ್ಲಿ. ತಿರುಗಿಸಿದರೆ ನಿನ್ನ ಹೆಸರಿದೆ, ತಾರೀಖಿದೆ, ಅಂಚಿನಲ್ಲಿ ಕೆಂಪು ಶಾಯಿಯ ನನ್ನ ಅಕ್ಷರವೂ ಇದೆ: "ಈ ತಾಯಿ ನಂಬುವಂತಿಲ್ಲ." ಇನ್ನು ಚರ್ಚೆಯಾಗುವುದು ನನ್ನ ಕಥೆ. ನಾನು ಬಾಯಿ ಬಿಡುವುದಿಲ್ಲ.