ಮಿಕ್ಕ ಸ್ಪ್ರಿಂಗ್

ಡಾರ್ಸಿ,

ಕಾಲೇಜಿಂದ ಬಂದವಳೇ ಹೊಲಕ್ಕೆ ಬಾ, ಊಟ ಆಮೇಲೆ. ಕೊಯ್ದ ಹುಲ್ಲು ಹೊಲದಲ್ಲೇ ಬಿದ್ದಿದೆ, ಪಡುವಣದಲ್ಲಿ ಮೋಡ ಎದ್ದಿದೆ. ಹುಲ್ಲನ್ನ ಕಟ್ಟು ಕಟ್ಟೋ ಬೇಲರ್ ಮಿಷನ್ನಿನ ಹುರಿಗಂಟು ಹಾಕೋ ಭಾಗವನ್ನ ಕಾಲೇಜಿನ ಪರೀಕ್ಷೆಗೆ ಅಂತ ಬಿಚ್ಚಿ ಅಡುಗೆಮನೆ ಮೇಜಿನ ಮೇಲೆ ಹರಡಿದ್ದೆಯಲ್ಲ.

"ಬಿಚ್ಚಿದ ಕ್ರಮದಲ್ಲೇ ಇಟ್ಟಿದ್ದೀನಿ, ಮುಟ್ಬೇಡಪ್ಪಾ" ಅಂತ ನೀನು ಅಂದಿದ್ದೆ. ನಾನು ಮುಟ್ಟಿದೆ. ಜೋಡಿಸಿದೆ, ಒಂದು ಸ್ಪ್ರಿಂಗ್ ಮಿಕ್ಕಿತು. ಮತ್ತೆ ಬಿಚ್ಚಿದೆ, ಈಗ ಕ್ರಮವೂ ಹೋಯ್ತು. ಎಲ್ಲಾ ಅಮ್ಮ ಪೈ ಬೇಯಿಸೋ ತಟ್ಟೆಯಲ್ಲಿದೆ, ತಗೊಂಡು ಬಾ. ಬೈಯೋದಿದ್ರೆ ಹೊಲದಲ್ಲೇ ಬೈ.

ಬ್ರೋಕನ್ ಬೋ ಊರಿನ ಟ್ರ್ಯಾಕ್ಟರ್ ಅಂಗಡಿಯವರು ಫೋನ್ ಮಾಡಿದ್ರು. ರಿಪೇರಿ ಕೆಲಸ ನಿನಗೇ ಅಂತೆ, ಸೋಮವಾರದಿಂದ ಅಲ್ಲೇ ಇರಬೇಕಂತೆ. "ಅವಳ ಕೈಗೆ ಬಗ್ಗದ ಮಿಷನ್ನೇ ಇಲ್ಲ" ಅಂತ ನಾನೂ ಹೊಗಳಿದೆ. ಫೋನ್ ಇಟ್ಟು, ಪೈ ತಟ್ಟೆಯಿಂದ ಆ ಮಿಕ್ಕ ಸ್ಪ್ರಿಂಗ್ ಎತ್ತಿ, ಇದು ಎಲ್ಲಿ ಕೂರುತ್ತೋ ಅಂತ ತಿರುಗಿಸಿ ತಿರುಗಿಸಿ ನೋಡಿದೆ.

ಮಳೆ ಬಂದ್ರೂ ಬರ್ಲಿ, ಇವತ್ತು ನಿಧಾನಕ್ಕೆ ಜೋಡಿಸು. ನಾನು ನೋಡ್ಕೊಂಡು ಕಲೀಬೇಕು.

ಅಪ್ಪ