ಕಾಯುವ ಕೆಲಸ

ಫೆಬ್ರವರಿ ೧೯, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಸುಂಡಿಲಿಯ ಕಾಗದ ಕಂಡು ಗಾಬರಿಯಾಗಬೇಡ. ಏನೂ ಆಗಿಲ್ಲ. ಫೋನಿನಲ್ಲಾದರೆ ನೀನು ನನ್ನ ಮಾತು ಕೇಳುವುದಿಲ್ಲ, ದನಿ ಕೇಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿವೃತ್ತಿಯಾಗುವ ತನಕ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿದವಳಿಗೆ ಮಗಳದ್ದೂ ಒಂದು ಬರಲಿ.

ಹೋದ ಭಾನುವಾರ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅಷ್ಟು ಓದಿ, ಅಂಥಾ ಲ್ಯಾಬ್ ಬಿಟ್ಟು ಮನೇಲಿ ಕೂತು ಏನೇ ಮಾಡ್ತೀಯ? ಅವನೇನಾದ್ರೂ ಬಿಡು ಅಂದ್ನಾ?" ಪಾಪ, ನಿನ್ನ ಅಳಿಯ ಏನೂ ಅನ್ನಲಿಲ್ಲ. ರೈಲಿನ ಗಾರ್ಡ್ ಮನೆಯಲ್ಲಿರುವುದೇ ಅಪರೂಪ, ಇದ್ದಾಗ ಗೊರಕೆ. ನಾನೇ ಬಿಟ್ಟೆ. ಬೇಜಾರಾಯಿತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಕಾರಣವಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಕೆಲಸದ ವಿಷಯ ಹೇಳಿ ಮುಗಿಸುತ್ತೇನೆ, ಧೈರ್ಯ ಬರಲಿ.

ಜೀವವಿಜ್ಞಾನ ಓದಿದವರು ಲ್ಯಾಬಿನಿಂದ ಹೊರಬಿದ್ದರೆ ನೀರಿನಿಂದ ತೆಗೆದ ಮೀನು ಎಂದುಕೊಂಡಿದ್ದೆ. ಹಾಗೇನಿಲ್ಲವಂತೆ. ಮನೆಯಿಂದಲೇ ಮಾಡುವ ಕೆಲಸಗಳು ಬೇಕಾದಷ್ಟಿವೆ. ಮೊದಲು ಒಂದು ಔಷಧಿ ಕಂಪನಿಯವರು ಕರೆದರು. ಅವರ ಮಾತ್ರೆ ನುಂಗಿ ಯಾರಿಗೆ ಏನು ತೊಂದರೆಯಾಯಿತು ಎಂಬ ವರದಿಗಳನ್ನು ಓದಿ ಬೇರ್ಪಡಿಸಬೇಕು. ಪರೀಕ್ಷೆಗೆಂದು ನಾಲ್ಕು ವರದಿ ಕಳಿಸಿದರು. ಓದಿ ಮುಗಿಸುವಷ್ಟರಲ್ಲಿ ಆ ನಾಲ್ಕೂ ತೊಂದರೆ ನನಗೇ ಶುರುವಾದವು. ಆಮೇಲೆ ಸಂಶೋಧಕರ ಲೇಖನ ತಿದ್ದುವ ಕೆಲಸ. ಆ ಪುಣ್ಯಾತ್ಮರ ಒಂದೊಂದು ವಾಕ್ಯವೂ ಗೂಡ್ಸ್ ಗಾಡಿ, ಕೊನೆಯ ಡಬ್ಬಿ ಬರುವಷ್ಟರಲ್ಲಿ ಇಂಜಿನ್ನು ಯಾವುದೆಂದೇ ಮರೆತುಹೋಗಿರುತ್ತಿತ್ತು. ಕಾಲೇಜು ಮಕ್ಕಳಿಗೆ ಪರದೆಯ ಮೇಲೆ ಪಾಠವನ್ನೂ ಹೇಳಿ ನೋಡಿದೆ. ಒಂದು ಮುಖವೂ ಕಾಣದೆ, ಗೋಡೆಗೆ ಪಾಠ ಹೇಳಿದ ಹಾಗಾಯಿತು.

ಕೊನೆಗೆ ನಮ್ಮ ಹಳೇ ಲ್ಯಾಬಿನ ಮೇಡಂ ದಾರಿ ತೋರಿಸಿದರು. "ನಿನ್ನ ಕಾಲು ಬೇಕಾದ್ರೆ ಕೂರ್ಲಿ, ಕಣ್ಣು ಕೂರಬಾರ್ದು" ಅಂದರು. ಅವರ ಪರಿಚಯದ ಆಸ್ಪತ್ರೆಯೊಂದರಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುತ್ತಾರೆ. ಲ್ಯಾಬಿನಲ್ಲಿ ಬೆಳೆಸಿದ ಭ್ರೂಣಗಳನ್ನು ಐದು ದಿನ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಾರೆ. ಅದರೊಳಗಿನ ಕ್ಯಾಮೆರಾ ಆಗಾಗ ಫೋಟೋ ತೆಗೆಯುತ್ತದೆ, ಅದು ನನ್ನ ಪರದೆಗೆ ಬರುತ್ತದೆ. ಯಾವುದು ಹೊತ್ತಿಗೆ ಸರಿಯಾಗಿ ಒಡೆದು ಎರಡು ಕೋಶವಾಯಿತು, ನಾಲ್ಕಾಯಿತು, ಯಾವುದು ಹಿಂದೆ ಬಿತ್ತು, ಯಾವುದು ತಾಯಿಯ ಒಡಲಿಗೆ ಹೋಗಲು ಸಿದ್ಧ ಎಂದು ನಾನು ಅಂಕ ಹಾಕಬೇಕು. ಹೆಸರು ಗೊತ್ತಿರುವುದಿಲ್ಲ, ನಂಬರು ಮಾತ್ರ. ನೀನು ಲಕೋಟೆ ಒಡೆಯದೆ ಕಾಗದ ವಿಂಗಡಿಸಿದ ಹಾಗೆ. ಪೆಟ್ಟಿಗೆಯ ಶಾಖ ತೋರಿಸುವ ಹಸಿರು ಗೆರೆಯೊಂದು ಪರದೆಯ ಮೂಲೆಯಲ್ಲಿ ಓಡುತ್ತಿರುತ್ತದೆ. ಅದನ್ನು ನೋಡಿಕೊಳ್ಳುವುದು ಅಲ್ಲಿರುವವರ ಕೆಲಸ, ನನ್ನದಲ್ಲ. ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ನಮ್ಮ ಕಟ್ಟಡದ ಕೆಳಗೆ ಬಟ್ಟೆ ಹೊಲಿಯುವ ಅಕ್ಕನ ಅಂಗಡಿ ಇದೆ. ತರಕಾರಿ, ಹಾಲು ಎಲ್ಲ ಅವಳೇ ತಂದುಕೊಡುತ್ತಾಳೆ. ಬಂದಾಗಲೆಲ್ಲ ಪರದೆ ನೋಡಿ, "ಏನಮ್ಮಾ, ದಿನಾ ಅದೇ ಗುಳ್ಳೆ ಸಿನಿಮಾನಾ? ಹೀರೋ ಯಾವಾಗ ಬರ್ತಾನೆ?" ಎನ್ನುತ್ತಾಳೆ. ಒಂಬತ್ತು ತಿಂಗಳು ತಡೆದರೆ ಬರುತ್ತಾನೆ ಅಂದೆ. ಅವತ್ತಿನಿಂದ ಅವಳೂ ಬಾಯಿ ಮುಚ್ಚಿಕೊಂಡು ನೋಡುತ್ತಾಳೆ.

ಈಗ ಕಾರಣ. ಅಮ್ಮಾ, ನಾನು ಬಸುರಿ. ಐದನೇ ತಿಂಗಳು ನಡೆಯುತ್ತಿದೆ. ಗಂಟೆಗಟ್ಟಲೆ ನಿಂತು ಕೆಲಸ ಮಾಡುವಂತಿಲ್ಲ, ಮೆಟ್ಟಿಲು ಹತ್ತಿಳಿಯುವಂತಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದರು. ಇರುವುದು ಮೂರನೇ ಮಹಡಿ, ಲಿಫ್ಟಿಲ್ಲ. ಲ್ಯಾಬಿನಲ್ಲಿ ಕೂತು ಮಾಡುವ ಕೆಲಸವೂ ನಿಂತೇ ಮುಗಿಯುತ್ತದೆ. ಅದಕ್ಕೇ ಬಿಟ್ಟೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹಿಂದೆ ಎರಡು ಸಲವೂ ನಿನಗೇ ಮೊದಲು ಹೇಳಿದೆ. ನೀನು ಖುಷಿ ತಡೆಯಲಾರದೆ ಬೀದಿಗೆಲ್ಲ ಹೇಳಿದೆ. ಆಮೇಲೆ ಗರ್ಭ ನಿಲ್ಲದೆ ಹೋದಾಗ, ಮನೆಮನೆಗೂ ಹೇಳಿದ್ದನ್ನು ನೀನೇ ಮನೆಮನೆಗೂ ಹೋಗಿ ವಾಪಸು ತಂದೆ. ಎರಡನೇ ಸಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಸೀದಾ ಹೋಗಿ ನೀರು ಕುಡಿದೆ. ನನ್ನ ನೋವಿಗಿಂತ ಆ ನೀರಿನ ಲೋಟ ಹಿಡಿದ ನಿನ್ನ ಕೈ ನೋಡುವುದೇ ಕಷ್ಟವಾಯಿತು. ಈ ಸಲ ಏನೇ ಆದರೂ ನನ್ನೊಳಗೇ ಇರಲಿ ಎಂದುಕೊಂಡೆ. ತಪ್ಪಾದರೆ ಬಯ್ಯಿ.

ದಿನವಿಡೀ ಬೇರೆಯವರ ಭ್ರೂಣಕ್ಕೆ ಅಂಕ ಹಾಕುವ ನನಗೆ ನನ್ನದರ ಬಗ್ಗೆ ಏನೂ ಗೊತ್ತಿಲ್ಲ. ಅಲ್ಲಾದರೆ ಪರದೆ ಇದೆ, ಗೆರೆ ಇದೆ. ಇಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತೇನೆ, ಅಷ್ಟೇ. ಅಲುಗಾಡಿದರೆ ಯಾಕೆ ಅಲುಗಾಡಿತು ಎಂದು ಹೆದರಿಕೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು.

ಮಂಗಳವಾರದ ಸಂಗತಿ ಹೇಳಬೇಕು. ಊಟದ ಹೊತ್ತು. ಅನ್ನದ ತಟ್ಟೆ ಹಿಡಿದು ಪರದೆಯ ಮುಂದೆ ಕೂತಿದ್ದೆ. ಒಬ್ಬಳೇ ತಾಯಿಯ ಏಳು ಭ್ರೂಣಗಳು, ಮೂರನೇ ದಿನ. ಹಸಿರು ಗೆರೆ ನೆಟ್ಟಗಿದ್ದದ್ದು ಬಾಗತೊಡಗಿತು. ಇನ್‌ಕ್ಯುಬೇಟರ್ ತಣ್ಣಗಾಗುತ್ತಿತ್ತು. ಅಲ್ಲಿ ಗಂಟೆ ಬಡಿದುಕೊಳ್ಳಬೇಕು, ಯಾರಾದರೂ ಓಡಿ ಬಂದಿರಬೇಕು ಎಂದು ಕಾದೆ. ಗೆರೆ ಇನ್ನೂ ಇಳಿಯಿತು. ಸಂದೇಶ ಕಳಿಸಿದೆ, ಉತ್ತರವಿಲ್ಲ. ಸ್ವಾಗತದ ಮೇಜಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ, "ಲ್ಯಾಬಿನೋರು ಊಟಕ್ಕೆ ಹೋಗಿದಾರೆ ಮೇಡಂ, ಬಂದ್ಮೇಲೆ ಹೇಳ್ಲಾ?" ಅಂದಳು. ಬಂದ ಮೇಲೆ ಅಲ್ಲ, ಈಗಲೇ ಎಂದು ಬಾಯಿ ತೆರೆದೆ, ಕರೆಂಟು ಹೋಯಿತು.

ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ಲೇ ಇಲ್ಲ. ಮಾತೆಲ್ಲ ಇಂಟರ್ನೆಟ್ಟಿನ ಮೇಲೆ, ಕರೆಂಟಿನ ಜೊತೆ ಅದೂ ಹೋಯಿತು. ಕಪ್ಪು ಪರದೆಯಲ್ಲಿ ನನ್ನ ಮುಖ ಮಾತ್ರ. ಆ ಏಳರ ತಾಯಿ ಯಾರೋ ಏನೋ, ಅಷ್ಟು ಹೊತ್ತಿಗೆ ಎಲ್ಲಿ ಕೂತು ಊಟ ಮಾಡುತ್ತಿದ್ದಳೋ. ಬಾಗಿಲು ತೆಗೆದು ಮೆಟ್ಟಿಲ ತುದಿಯಲ್ಲಿ ನಿಂತು ಹೊಲಿಗೆ ಅಕ್ಕನನ್ನು ಕೂಗಿದೆ.

ಅಕ್ಕ ನನ್ನ ಫೋನ್ ಕಿತ್ತುಕೊಂಡು ಬೀದಿಗೆ ಓಡಿದಳು. ಅವಳು ಮಾತಾಡಿದ್ದು ಇಡೀ ಬೀದಿಗೆ ಕೇಳಿತು. "ಏ ಹುಡುಗೀ, ನಿಮ್ಮ ಬಿಸಿಪೆಟ್ಟಿಗೆ ತಣ್ಣಗಾಗ್ತಿದೆ! ಒಳಗೆ ಏಳು ಮಕ್ಕಳಿದಾವೆ, ಎದ್ದು ಓಡು! ಫೋನ್ ಇಡ್ಬೇಡ, ಹಿಡ್ಕೊಂಡೇ ಓಡು!" ಆ ಹುಡುಗಿ ಓಡಿದಳಂತೆ. ಊಟದ ಕೋಣೆಯಿಂದ ಲ್ಯಾಬಿನವನನ್ನು ಎಂಜಲು ಕೈಯಲ್ಲೇ ಎಬ್ಬಿಸಿದಳಂತೆ. ಬೆಳಿಗ್ಗೆ ರಿಪೇರಿಗೆ ಬಂದವನು ಎಚ್ಚರಿಕೆಯ ಗಂಟೆ ಆರಿಸಿ, ಮತ್ತೆ ಹಾಕುವುದನ್ನು ಮರೆತಿದ್ದ. ಪೆಟ್ಟಿಗೆಯ ಬಾಗಿಲೂ ಸರಿಯಾಗಿ ಕೂತಿರಲಿಲ್ಲ. ಏಳನ್ನೂ ಪಕ್ಕದ ಪೆಟ್ಟಿಗೆಗೆ ಸಾಗಿಸಿದರು.

ಅಲ್ಲಿಂದ ಇಲ್ಲಿಯತನಕ ನಾನು ಉಸಿರು ಪೂರ್ತಿ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಐದನೇ ದಿನದ ಫೋಟೋ ಬಂತು. ಆರು ಚೆನ್ನಾಗಿ ಬೆಳೆದಿವೆ. ಒಂದು ನಿಂತುಹೋಗಿದೆ. ತಣ್ಣಗಾದದ್ದಕ್ಕೋ, ಅದರ ಹಣೆಬರಹವೇ ಅಷ್ಟೋ, ಯಾರೂ ಹೇಳಲಾರರು. ಅದರ ಮುಂದೆ ಸೊನ್ನೆ ಹಾಕಬೇಕಾದವಳು ನಾನೇ. ಹಾಕಿದೆ. ಮಧ್ಯಾಹ್ನ ಮೇಡಂ ಫೋನ್ ಮಾಡಿ, "ಆರು ಉಳಿಸಿದೀಯ ಕಣೇ, ಅದನ್ನ ನೋಡು" ಅಂದರು. ನೋಡುತ್ತಿದ್ದೇನೆ. ಕಣ್ಣು ಮಾತ್ರ ಏಳನೆಯದರ ಮೇಲೇ ಹೋಗುತ್ತದೆ.

ನಿನ್ನ ಮಂಡಿನೋವು ಹೇಗಿದೆ? ಆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನ ಬಗ್ಗೆ ಚಿಂತೆ ಬೇಡ. ತಿನ್ನುತ್ತೇನೆ, ಮಲಗುತ್ತೇನೆ, ಹೇಳಿದ ಹಾಗೆ ಕೇಳುತ್ತೇನೆ. ಬರುತ್ತೇನೆಂದು ಹಟ ಹಿಡಿಯಬೇಡ, ಅಷ್ಟು ದೂರ ಬಸ್ಸಿನಲ್ಲಿ ನಿನಗೆ ಆಗುವುದಿಲ್ಲ.

ನಿನ್ನ,
ಸುಂಡಿಲಿ

ತಾ.ಕ.: ಶುಕ್ರವಾರ ಬೆಳಿಗ್ಗೆ. ನಿನ್ನೆ ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಅಮ್ಮಾ, ಮಂಗಳವಾರ ನಾನು ಕೂಗಿದ್ದು ಅಕ್ಕನಿಗೆ ಕೇಳಿಸಲಿಲ್ಲ. ನಾನೇ ಇಳಿದೆ, ಬೀದಿಯ ತನಕ. ಅವಳು ಫೋನ್ ಕಿತ್ತುಕೊಂಡದ್ದು ಅಲ್ಲೇ, ಅಂಗಡಿಯ ಬಾಗಿಲಲ್ಲಿ. ಆಮೇಲೆ ಹತ್ತಲೂ ಬೇಕಾಯಿತು. ಸಂಜೆಗೆ ರಕ್ತ ಕಾಣಿಸಿತು. ಹೊಲಿಗೆ ಅಕ್ಕ ಪಕ್ಕದ ಮನೆಯವರನ್ನು ಕರೆದು, ನನ್ನನ್ನು ಕುರ್ಚಿ ಸಮೇತ ಎತ್ತಿಸಿ ಆಸ್ಪತ್ರೆಗೆ ಸಾಗಿಸಿದಳು, ಬುಧವಾರ ಹಾಗೇ ವಾಪಸು ಮನೆಗೆ ತಂದಳು. ಮಗುವಿನ ಎದೆ ಬಡಿಯುತ್ತಿದೆ, ನಾನೇ ಕೇಳಿಸಿಕೊಂಡೆ. ಆದರೆ ಈಗ ಹಾಸಿಗೆ ಬಿಟ್ಟು ಏಳುವಂತಿಲ್ಲ. ಮತ್ತೆ ಅಂಥ ಹೊತ್ತು ಬಂದರೆ ಇಳೀತೀಯಾ ಎಂದು ಡಾಕ್ಟರು ಸಿಟ್ಟಿನಿಂದ ಕೇಳಿದರು. ಇಳಿದರೂ ಇಳಿದೇನು. ಅದಕ್ಕೇ ನನಗೆ ಭಯ. ನಿನ್ನ ಅಳಿಯ ಭಾನುವಾರ ಬರುತ್ತಾನೆ, ರಕ್ತ ಕಂಡದ್ದು ಅವನಿಗಿನ್ನೂ ಗೊತ್ತಿಲ್ಲ. ಇದನ್ನು ಅಕ್ಕ ಈಗಲೇ ಕೊರಿಯರಿಗೆ ಕೊಡುತ್ತಾಳೆ, ನಾಳೆ ನಿನ್ನ ಕೈಸೇರುತ್ತದೆ. ಓದಿದ ಕೂಡಲೇ ಹೊರಟು ಬಾ. ಬೀಗದ ಕೈ ಅಕ್ಕನ ಅಂಗಡಿಯಲ್ಲಿರುತ್ತದೆ, ಕೇಳಿ ಇಸಕೊ.