ಗುರುಗಳ ಪಿಸುಮಾತಿಗೆ ನನ್ನ ಗಂಟಲು

ಎಲೂಲ್ ಮಾಸ ೧೮, ಗುರುವಾರ, ಬೆಳಿಗ್ಗೆ

ಇವತ್ತೂ ಸಂತೆಯಲ್ಲಿ ಮೀನು ಕೂಗಿ ಮಾರಲಿಲ್ಲ. ಗಂಟಲು ಉಳಿಯಬೇಕು! ಹಸಿ ಮೊಟ್ಟೆ, ಜೇನು — ಕುಡಿದಾಯಿತು. ನಾಡಿದ್ದು ಶನಿವಾರ, ಸಬ್ಬತ್, ಕೆಲಸ ಬಿಡುವ ದಿನ. ತಿಬೇರಿಯದ ಗುರು ಹಿಲ್ಫಾ ಪ್ರವಚನಕ್ಕೆ ಬರುತ್ತಾರೆ. ಗುರುಗಳು ಕುಳಿತು ಪಿಸುಗುಡುವುದು, ಪಕ್ಕದಲ್ಲಿ ನಿಂತವನು ಅದನ್ನು ಇಡೀ ಸಭೆಗೆ ಗುಡುಗುವುದು — ಹಿಂದಿನಿಂದ ಬಂದ ಪದ್ಧತಿ. ಈ ಸಲ ಗುಡುಗುವವನು ನಾನು! ಗೆದ್ದರೆ ಪರ್ಣಶಾಲೆ ಹಬ್ಬದ ಏಳು ದಿನವೂ ನನ್ನದೇ ಗಂಟಲು. ಸೋತರೆ... ಮೀನಿನ ಬುಟ್ಟಿ.

ಮಾರ್ತಾ ನಕ್ಕಳು. "ದೇವರ ಮಾತನ್ನೂ 'ತಾಜಾ, ತಾಜಾ' ಅಂತ ಕೂಗಿಬಿಟ್ಟೀರಿ!"

ಹೆಂಡತಿಯೋ, ವೈರಿಯೋ?

ಎಲೂಲ್ ೧೯, ಶುಕ್ರವಾರ, ಸಂಜೆ

ಸಭಾಮಂದಿರದ ಯಜಮಾನರಾದ ಜೇನೋನ ನನ್ನನ್ನು ಕರೆಸಿದ್ದರು. ಹಬ್ಬಕ್ಕೆ ಯಾರೆಂದು ತೀರ್ಮಾನಿಸುವವರು ಅವರೇ.

"ಹೋದ ಸಲದೋನು ತನ್ನ ಕಥೆ ಸೇರಿಸಿ ಮಾನ ಕಳೆದ. ನೀನು ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ."

"ಬಿಡೋದಿಲ್ಲ ಯಜಮಾನರೇ!" — ಕಂಬಗಳು ನಡುಗಿದವು.

"ನಾನು ಇಲ್ಲೇ ಇದ್ದೀನಪ್ಪಾ, ಮೆಲ್ಲಗೆ!"

ದೀಪ ಹಚ್ಚುವ ಹೊತ್ತು. ಸೂರ್ಯ ಮುಳುಗಿದರೆ ಸಬ್ಬತ್, ಇನ್ನು ಬರೆಯುವಂತಿಲ್ಲ —

ಎಲೂಲ್ ೨೦, ಸಬ್ಬತ್ ಕಳೆದು, ನಕ್ಷತ್ರ ಮೂಡಿದ ಮೇಲೆ

ಇನ್ನು ಬರೆಯಬಹುದು!

ಧರ್ಮಗ್ರಂಥದ ಸುರುಳಿ ಓದಿದ್ದಾಯಿತು. ಒಂದೊಂದು ವಾಕ್ಯಕ್ಕೂ ಮನೆಮಾತಿನ ಅರ್ಥ ಹೇಳಿದ್ದಾಯಿತು. ಗುರುಗಳು ಕುಳಿತರು. ನಾನು ಬಾಗಿ ಕಿವಿಗೊಟ್ಟೆ.

"ದೇವರ ಬಾಗಿಲು ತೆರೆದಿದೆ." ಗುಡುಗಿದೆ! ಮೈ ಜುಮ್ಮೆಂದಿತು.

"ಒಳಗೆ ಬರೋರು ಯಾರು?" ಗುಡುಗಿದೆ!

"ಮುಂದಿನ ಬೆಂಚಲ್ಲಿ ಗೊರಕೆ ಹೊಡೀತಿರೋ ಬಿಳಿಗಡ್ಡದೋನು ಯಾರೋ?"

ಒಂದಕ್ಷರವೂ ಬಿಡದೆ ಗುಡುಗಿದೆ!

ಜೇನೋನ ಬೆಚ್ಚಿ ಎದ್ದು, "ಆಮೆನ್!" ಎಂದರು.

ಗುರುಗಳು ನನ್ನ ಅಂಗಿ ಜಗ್ಗಿದರು. "ಅಯ್ಯೋ, ಅದು ನಿನಗೆ ಮಾತ್ರ ಹೇಳಿದ್ದು ಕಣೋ!"

ಅದನ್ನೂ... ಗುಡುಗಿಬಿಟ್ಟೆ.

ಸಭೆ ಬಿದ್ದು ಬಿದ್ದು ನಕ್ಕಿತು. ಮುಗಿಯಿತು ಅಂದುಕೊಂಡೆ. ಗುರುಗಳು ಕಣ್ಣೊರೆಸಿಕೊಂಡು ನಕ್ಕು, ಮತ್ತೆ ಪಿಸುಗುಟ್ಟಿದರು: "ಎದ್ದರಲ್ಲ! ಎಲ್ಲರೂ ಹೀಗೇ ಏಳಿ. ಬಾಗಿಲು ಇನ್ನೂ ತೆರೆದಿದೆ."

ಹೇಳಲೋ, ಬೇಡವೋ? ಅವರ ಮುಖ ನೋಡಿದೆ. ತಲೆಯಾಡಿಸಿದರು. ಎದೆ ತುಂಬ ಉಸಿರೆಳೆದು ಗುಡುಗಿದೆ. ನಗು ಗಕ್ಕನೆ ನಿಂತಿತು. ಎಲ್ಲೋ ಒಬ್ಬಳು ಅಜ್ಜಿ ಬಿಕ್ಕಿದಳು. ಆಮೇಲೆ ಪ್ರವಚನ ಮುಗಿಯುವವರೆಗೆ ಒಬ್ಬರೂ ಆಕಳಿಸಲಿಲ್ಲ.

ಜೇನೋನ ಬಿಳಿಗಡ್ಡ ಸವರುತ್ತಾ ಸೀದಾ ಮನೆಗೆ ಹೋದರು.

ಎಲೂಲ್ ೨೧, ಭಾನುವಾರ, ಮಧ್ಯಾಹ್ನ

ಜೇನೋನ ಸಂತೆಗೇ ಬಂದರು! ಮೀನಿನ ಬುಟ್ಟಿ ಪಕ್ಕ ನಿಂತರು. ನಾನು ತಲೆ ಎತ್ತಲಿಲ್ಲ.

"ನನ್ನ ಗೊರಕೆ ತಿಬೇರಿಯದವರೆಗೂ ಮುಟ್ಟಿತಲ್ಲೋ, ಪುಣ್ಯಾತ್ಮ!"

"ತಪ್ಪಾಯ್ತು ಯಜಮಾನರೇ."

"ಗುರುಗಳಿಗೆ ನೀನೇ ಬೇಕಂತೆ." ಆಚೆ ಈಚೆ ನೋಡಿ, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು: "ಹಬ್ಬದ ಏಳು ದಿನಾನೂ ನೀನೇ. ಹೋದ ಸಲದೋನಿಗೆ ನಾನೇ ತಿಳಿಸ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳಬೇಡ."

ನಾನು ಎದೆ ತುಂಬ ಉಸಿರೆಳೆದು ಬಾಯಿ ತೆರೆದೆ —